ಎರಡು ಚಮಚ ಇಸಬ್‌ಗೋಲ್

ಇವತ್ತು ಬೆಳಿಗ್ಗೆ ಲೋಟದ ನೀರಿಗೆ ಒಂದು ಚಮಚ ಇಸಬ್‌ಗೋಲ್ ಹಾಕಿ ಕದಡಿದೆ. ಅಷ್ಟರಲ್ಲಿ ಕನ್ನಡಕ ಎಲ್ಲಿಟ್ಟೆ ಎಂಬ ಯೋಚನೆ ಬಂದು ಹುಡುಕಲು ಹೋದೆ. ಕನ್ನಡಕ ಸಿಕ್ಕಿತು, ಅದರ ಜತೆ ನಿನ್ನೆಯ ಪೇಪರು ಸಿಕ್ಕಿತು, ಪೇಪರಿನಲ್ಲಿ ಅರ್ಧ ಓದಿ ಬಿಟ್ಟಿದ್ದ ಸುದ್ದಿಯೊಂದು ಸಿಕ್ಕಿತು. ಮರಳಿ ಅಡುಗೆಮನೆಗೆ ಬಂದರೆ ಲೋಟದಲ್ಲಿ ನೀರೇ ಇಲ್ಲ. ಬಿಳಿಯ ಲೋಳೆಯೊಂದು ಗಟ್ಟಿಯಾಗಿ ಕೂತಿತ್ತು. ಲೋಟವನ್ನು ಬೋರಲು ಹಿಡಿದೆ. ಬೀಳಲಿಲ್ಲ. ಕುಲುಕಿದೆ. ಆಗಲೂ ಬೀಳಲಿಲ್ಲ.

"ಚಮಚದಗೆ ತಿನ್ನಿ, ಐಸ್‌ಕ್ರೀಮ್ ಅಂದ್ಕಣಿ" ಎಂದಳು ಹೆಂಡತಿ.

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ನನಗೆ ನಗು ಬರುವುದಿಲ್ಲ. ಆ ಮುದ್ದೆಯನ್ನು ಕಂಡರೆ ನನಗೆ ಹೆದರಿಕೆ. ಯಾಕೆ ಎಂದು ಹೇಳಬೇಕಾದರೆ ನನ್ನ ಅಕ್ಕ ಗುಲಾಬಿಯ ವಿಷಯ ಹೇಳಬೇಕು. ಅದಕ್ಕೂ ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ತಪ್ಪು ಯಾರದೆಂದು ನಿಮಗೆ ಸರಿಯಾಗಿ ಗೊತ್ತಾಗಲಿ.

ನಾನು ಒಂದು ಕಡೆ ಕೂರುವ ಜನ ಅಲ್ಲ. ಬ್ರಹ್ಮಾವರದ ಹತ್ತಿರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಕ್ಲಾಸಿನಲ್ಲೂ ಕೂತು ಪಾಠ ಮಾಡಿದವನಲ್ಲ. ಹಾಲು ಉಕ್ಕುವುದನ್ನು ಕಾಯಲು ಹೇಳಿದರೆ ಮೂರು ಸಲ ಗೇಟಿನ ತನಕ ಹೋಗಿ ಬರುತ್ತೇನೆ. ನಾಲ್ಕನೆಯ ಸಲ ಹೋಗಿ ಬರುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಇಂಥವನಿಗೆ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದೆ ಎಂದು ಗೊತ್ತಾದರೆ ಏನಾಗಬೇಡ? ಡಾಕ್ಟರು ಒಂದು ಮಾತ್ರೆ ಬರೆದರು. ಅದರ ಜತೆಗೆ, ಬೇಕಾದರೆ ದಿನಾ ಒಂದು ಚಮಚ ಇಸಬ್‌ಗೋಲ್ ತೆಗೆದುಕೊಳ್ಳಿ, ನಾರಿನಂಶ ಒಳ್ಳೆಯದು ಎಂದರು. ಇಷ್ಟು ಸಾಕಾಯಿತು. ನಾನು ಆ ಪೊಟ್ಟಣದ ಮೇಲಿನ ಅಕ್ಷರಗಳನ್ನೆಲ್ಲ ಓದಿದೆ, ಫೋನಿನಲ್ಲಿ ಓದಿದೆ, ಹಳೆಯ ಪಠ್ಯಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಓದಿದೆ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತರಸ ಮಾಡುತ್ತದೆ. ಆ ಪಿತ್ತರಸವನ್ನು ಕರುಳು ವಾಪಸು ಹೀರಿಕೊಳ್ಳುವ ಮೊದಲೇ ಈ ಅಂಟು ನಾರು ಹಿಡಿದು ಹೊರಗೆ ಕಳಿಸುತ್ತದೆ. ಯಕೃತ್ತಿಗೆ ಮತ್ತೆ ಪಿತ್ತರಸ ಬೇಕು, ಅದಕ್ಕೆ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಎಷ್ಟು ಚೆಂದದ ವ್ಯವಸ್ಥೆ! ನಾನು ಇದನ್ನು ಹಾಲಿನವನಿಗೆ ಹೇಳಿದೆ, ಪೇಪರಿನವನಿಗೆ ಹೇಳಿದೆ, ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತಿದ್ದವರಿಗೆ ಹೇಳಿದೆ. ಹೆಂಡತಿ ನನ್ನ ಜತೆ ಮದುವೆಗೆ ಬರುವುದನ್ನೇ ಕೆಲವು ದಿನ ಬಿಟ್ಟಿದ್ದಳು.

ನಮ್ಮ ಊಟದ ವಿಷಯ ನಿಮಗೆ ಗೊತ್ತಲ್ಲ. ಹಿಂದೆ ತವುಡು ಉಳಿದ ಕುಚಲಕ್ಕಿಯ ಗಂಜಿ. ಆಸಾಡಿ ತಿಂಗಳಲ್ಲಿ ಅಬ್ಬಿ, ಅಂದರೆ ನಮ್ಮ ಅಮ್ಮ, ಮೆಂತೆ ಗಂಜಿ ಮಾಡುತ್ತಿದ್ದಳು. ಅದರಲ್ಲಿದ್ದದ್ದೂ ಇಂಥದ್ದೇ ಅಂಟು. ಆಗ ಕಹಿಯೆಂದು ಮುಖ ತಿರುಗಿಸಿ ಓಡಿದವನು ಈಗ ಅದನ್ನೇ ಮೆಡಿಕಲ್ ಅಂಗಡಿಯಲ್ಲಿ ಕ್ಯೂ ನಿಂತು ತರುತ್ತಿದ್ದೇನೆ.

ಇರಲಿ. ಅಕ್ಕನ ವಿಷಯಕ್ಕೆ ಬರುತ್ತೇನೆ.

ಗುಲಾಬಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮರವಂತೆಯ ಹತ್ತಿರ ಅವಳ ಮನೆ. ಭಾವ ಇಲ್ಲ, ಮಗಳು ಮುಂಬೈಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅಬ್ಬಿ ಹೊತ್ತ ಬುಟ್ಟಿಯನ್ನು ಅಕ್ಕ ಹದಿನೆಂಟನೆಯ ವಯಸ್ಸಿಗೆ ತಲೆಗಿಟ್ಟುಕೊಂಡವಳು. ಮೊದಲೆಲ್ಲ ಮನೆಮನೆಗೆ ನಡೆದು ಮೀನು ಮಾರುತ್ತಿದ್ದಳು. ಈಗ ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಎತ್ತಿ, ಬಸ್ಸು ಹತ್ತಿ, ಬಿಜೂರಿನ ಆಚೆ ಹೆದ್ದಾರಿಯ ಒಂದು ತಿರುವಿನಲ್ಲಿ ಟಾರ್ಪಾಲಿನ ಅಡಿ ಕೂರುತ್ತಾಳೆ. ಜತೆಗೆ ಇನ್ನು ಮೂರು ನಾಲ್ಕು ಹೆಂಗಸರು. ತಿರುವಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಅವಳನ್ನು ಹುಡುಕಿಕೊಂಡು ಹೋದಾರು. ಅಕ್ಕನ ಬಾಯಿ ಆ ಕಡೆಯಲ್ಲೆಲ್ಲ ಪ್ರಸಿದ್ಧ. ಬಂಗುಡೆಯ ಕಿವಿರು ಎತ್ತಿ ನೋಡಿ ಮೂಗು ಮುರಿದ ಗಿರಾಕಿ ಅವಳ ಮಾತು ಕೇಳಿದ ಮೇಲೆ ಎರಡು ಬಂಗುಡೆ ಜಾಸ್ತಿಯೇ ತೆಗೆದುಕೊಂಡು ಹೋಗುತ್ತಾನೆ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಆ ಊರಿನ ಶಾಲೆಯಲ್ಲಿ ಉಚಿತ ರಕ್ತಪರೀಕ್ಷೆಯ ಶಿಬಿರ ನಡೆಯಿತು. ಮೀನಿನ ಹೆಂಗಸರೆಲ್ಲ ಒಟ್ಟಿಗೆ ಹೋಗಿ ಕೈ ಚಾಚಿ ಬಂದರು. ಶಿಬಿರದವರು ಫೋನ್ ನಂಬರು ಕೇಳಿದಾಗ ಅಕ್ಕ ನನ್ನದನ್ನು ಕೊಟ್ಟಿದ್ದಳು. ಹೀಗಾಗಿ ಅವಳ ರಕ್ತದ ಸುದ್ದಿ ಅವಳಿಗಿಂತ ಮೊದಲು ನನಗೆ ಬಂತು. ಕೊಲೆಸ್ಟ್ರಾಲಿನ ಎದುರಿದ್ದ ಅಂಕಿಗಳು ದಪ್ಪ ಅಕ್ಷರದಲ್ಲಿದ್ದವು. ಅಬ್ಬಿ ಹೋದದ್ದು ಎದೆನೋವಿನಿಂದ. ಅಕ್ಕನ ಈಗಿನ ವಯಸ್ಸಿಗೇ ಹೋದದ್ದು, ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತವಳು ಹಾಗೇ ಒರಗಿದ್ದು. ಅಕ್ಕನನ್ನೂ ಹಾಗೆ ಕಳೆದುಕೊಳ್ಳುತ್ತೇನೆಂಬ ಹೆದರಿಕೆ ಆ ದಿನ ಹೊಕ್ಕದ್ದು ಹೊರಗೆ ಹೋಗಲಿಲ್ಲ.

ಮಾರನೆಯ ದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ರಕ್ತದಲ್ ಎಂತ ಇತ್ತಂಬ್ರ್, ತಮ್ಮ?" ಎಂದು ಬಸ್ಸಿನಲ್ಲಿ ಕೇಳಿದಳು.

"ಕೊಬ್ಬ್ ಜಾಸ್ತಿ ಇತ್ತಂಬ್ರ್."

"ನಂಗಾ? ಅದ್ ನಿನ್ನ್ ರಿಪೋರ್ಟ್ ಆಯ್ಕ್, ಸಮಾ ಕಾಣ್."

ಡಾಕ್ಟರು ಅವಳಿಗೂ ಮಾತ್ರೆ ಕೊಟ್ಟರು. ನಾನೇ ಮುಂದೆ ಬಿದ್ದು ಇಸಬ್‌ಗೋಲಿನ ವಿಷಯ ಎತ್ತಿದೆ. ಕೊಡಬಹುದು, ಒಂದು ಚಮಚದಿಂದ ಸುರುಮಾಡಲಿ, ಮಾತ್ರೆಗೂ ಅದಕ್ಕೂ ನಡುವೆ ಒಂದೆರಡು ಗಂಟೆ ಬಿಡಲಿ, ನೀರು ಮಾತ್ರ ತುಂಬ ಕುಡಿಯಬೇಕು ಎಂದರು. ಮನೆಗೆ ಬಂದು ನಾನು ಅಕ್ಕನಿಗೆ ಒಂದು ಗಂಟೆಯ ಪಾಠ ಮಾಡಿದೆ. ಯಕೃತ್ತು, ಪಿತ್ತರಸ, ಕರುಳು, ಎಲ್ಲ. ತೆಂಗಿನಕಾಯಿ ಕಡಿಮೆ ಮಾಡು ಎಂದೆ. "ಕಾಯಿ ಹಾಕ್ದೆ ಸಾರ್ ಮಾಡುಕೆ ನಾನೆಂತ ಘಟ್ಟದ್ ಮೇಲಿನವ್ಳಾ?" ಎಂದಳು. ಹುರಿದ ಮೀನು ಬಿಡು ಎಂದೆ. ಕಿವಿ ಕೇಳದವರ ಹಾಗೆ ಎದ್ದುಹೋದಳು. ನೀರಿನ ಮಾತನ್ನೂ ಹೇಳಿದೆನೆನ್ನಿ, ಆದರೆ ಇಷ್ಟೆಲ್ಲದರ ನಡುವೆ, ಅರ್ಧ ವಾಕ್ಯದಲ್ಲಿ. ನೀರು ಕುಡಿಯಿರಿ ಎಂದು ಯಾರಿಗಾದರೂ ವಿಶೇಷವಾಗಿ ಹೇಳಬೇಕೇ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ಹಿತ್ತಲಲ್ಲಿ ಬಾವಿ ಇರುವ ಊರಿನಲ್ಲಿ?

ಆಮೇಲೆ ಸುರುವಾಯಿತು ನನ್ನ ಫೋನು. ದಿನಾ ಬೆಳಿಗ್ಗೆ ಆರೂವರೆಗೆ ಮಾಡಿ, "ಅಕ್ಕ, ತಕಂಡ್ಯಾ?" ಎನ್ನುವುದು. "ತಕಂಡೆ, ಬಸ್ಸ್ ಬಂತ್, ಇಡ್" ಎಂದು ಅವಳು ಇಡುವುದು. ಹದಿನೈದು ದಿನಕ್ಕೇ ನನಗೆ ತಾಳ್ಮೆ ಕೆಟ್ಟಿತು. ಒಂದು ಚಮಚಕ್ಕೆ ಸ್ವಲ್ಪ ಇಳಿಯುವುದಾದರೆ ಎರಡು ಚಮಚಕ್ಕೆ ಎಷ್ಟು ಇಳಿಯಬೇಡ? "ನಾಳೆಯಿಂದ ಎರ್ಡ್ ಚಮಚ ಹಾಕ್" ಎಂದೆ. ಡಾಕ್ಟರನ್ನು ಕೇಳಲಿಲ್ಲ. ಆ ಮಾತು ನನ್ನದು, ಬೇರೆ ಯಾರದೂ ಅಲ್ಲ.

ಅದಾಗಿ ನಾಲ್ಕನೆಯ ದಿನ ಒಂಬತ್ತು ಗಂಟೆ ಸುಮಾರಿಗೆ ಅಕ್ಕನ ಪಕ್ಕದಲ್ಲಿ ಕೂರುವ ಚಂದು ಫೋನ್ ಮಾಡಿದಳು.

"ಹ್ವಾಯ್ ಮಾಸ್ಟ್ರೇ, ಗುಲಾಬಿ ಎದೆ ಹಿಡ್ಕಂಡ್ ಕೂಕಂಡಿತ್ತ್. ಮಾತೇ ಬತ್ತಿಲ್ಲೆ. ನಾನ್ ರಿಕ್ಷಾದಗೆ ಬೈಂದೂರಿಗ್ ಕರ್ಕಂಡ್ ಹೋತಿದ್ದೆ. ನೀವ್ ಬೇಗ ಬನ್ನಿ."

ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಂಡು ಓಡಿದೆ. ಬ್ರಹ್ಮಾವರದಿಂದ ಬೈಂದೂರಿಗೆ ಎಷ್ಟು ದೂರವೆಂದು ಅಂದು ಗೊತ್ತಾಯಿತು. ಎಕ್ಸ್‌ಪ್ರೆಸ್ ಬಸ್ಸೇ ಸಿಕ್ಕಿತು, ಆದರೂ ಸಾಲಿಗ್ರಾಮದಲ್ಲಿ ನಿಂತಿತು, ಕೋಟದಲ್ಲಿ ನಿಂತಿತು, ಕೋಟೇಶ್ವರದಲ್ಲಿ ಯಾರದೋ ಅಕ್ಕಿಮೂಟೆ ಇಳಿಸಲು ನಿಂತಿತು. ಕುಂದಾಪುರದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ನಾನು ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದೆ.

"ಕೂಕಣಿ ಮಾಸ್ಟ್ರೇ. ನೀವ್ ನಿಂತ್ರೆ ಬಸ್ಸ್ ಬೇಗ ಹೋತಿಲ್ಲೆ" ಎಂದ ಕಂಡಕ್ಟರ್.

ಮರವಂತೆಯಲ್ಲಿ ಎಲ್ಲರೂ ಕಿಟಕಿಯಿಂದ ಕಡಲು ನೋಡುತ್ತಿದ್ದರು. ನಾನು ಅಕ್ಕನ ಮನೆಗೆ ಹೋಗುವ ದಾರಿ ನೋಡಿದೆ. ಆ ದಾರಿಯಲ್ಲಿ ಇನ್ನು ಅವಳು ಬಾರದಿದ್ದರೆ ಎಂದು ಅನಿಸಿತು. ದೇವರೇ, ಅಬ್ಬಿಯ ಹಾಗೆ ಬೇಡ ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆನೆಂದು ಕಾಣುತ್ತದೆ, ಎದುರಿನ ಸೀಟಿನವರು ತಿರುಗಿ ನೋಡಿದರು.

ಆಸ್ಪತ್ರೆಗೆ ಹೋದರೆ ಅಕ್ಕ ಮಂಚದ ಮೇಲೆ ಕೂತಿದ್ದಳು. ಕಣ್ಣು ಕೆಂಪಗಿತ್ತು, ಸೀರೆಯ ಸೆರಗು ಒದ್ದೆಯಾಗಿತ್ತು. ಇಸಿಜಿ ತೆಗೆದಿದ್ದರು, ಹೃದಯಕ್ಕೆ ಏನೂ ಆಗಿರಲಿಲ್ಲ. ಅನ್ನನಾಳದಲ್ಲಿ ಮುದ್ದೆಯೊಂದು ಸಿಕ್ಕಿಕೊಂಡಿತ್ತು, ತೆಗೆದೆವು ಎಂದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು ಆಕೆ.

"ಇಸಬ್‌ಗೋಲ್ ಎಷ್ಟು ನೀರಲ್ಲಿ ತಗೊಂಡಿದ್ರು?"

"ದೊಡ್ಡ ಲೋಟದ ತುಂಬ ನೀರಿನಲ್ಲಿ" ಎಂದು ನಾನೇ ಉತ್ತರ ಕೊಟ್ಟೆ. ಮಾಸ್ತರಿಕೆಯ ಅಭ್ಯಾಸ, ಬೇರೆಯವರ ಪ್ರಶ್ನೆಗೂ ನಾನೇ ಕೈ ಎತ್ತುವುದು.

"ನೀರಲ್ಲ, ಡಾಕ್ಟ್ರಮ್ಮ" ಎಂದಳು ಅಕ್ಕ. ಸ್ವರ ಒಡೆದಿತ್ತು. "ದಿನಾ ಚಾದಗೆ ತಕಂಬುದ್. ಇವತ್ತ್ ತಡ ಆಯ್ತ್, ಪುಡಿನ ಕಾಗ್ದದಗೆ ಕಟ್ಕಂಡ್ ಹ್ವಾದೆ. ಅಲ್ಲೇ ಬಾಯಿಗ್ ಹಾಯ್ಕಂಡ್ ಚಂದುನ ಫ್ಲಾಸ್ಕಿನ್ ಚಾ ಎರ್ಡ್ ಗುಟ್ಕ್ ಕುಡ್ದೆ."

ಡಾಕ್ಟರು ನನ್ನ ಮುಖ ನೋಡಿದರು. ಇನ್ನು ಸಂಜೆ ಮನೆಯಲ್ಲಿ, ತುಂಬ ನೀರಿನಲ್ಲಿ, ಒಂದೇ ಚಮಚ, ಕದಡಿದ ಕೂಡಲೇ ಕುಡಿಯಬೇಕು, ಮಾತ್ರೆ ಬಿಡಬಾರದು ಎಂದು ಹೇಳಿ ಹೊರಗೆ ಹೋದರು. ಹೆದರಿಕೆ ಇಳಿದ ಜಾಗಕ್ಕೆ ನನಗೆ ಸಿಟ್ಟು ಬಂತು.

"ಎಂತಕ್ಕೆ ನೀರ್ ಕುಡ್ಲಿಲ್ಲೆ, ಅಕ್ಕ? ನಾನ್ ಹೇಳ್ಲಿಲ್ಯಾ?"

"ಕುಡ್ದ್ರೆ ಎಲ್ಲಿಗ್ ಹೋಪುದ್?"

"ಎಲ್ಲಿಗೆ ಅಂದ್ರೆ?"

ಚಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕಳು. ಅಕ್ಕ ನಗಲಿಲ್ಲ.

"ಒಂದಕ್ಕ್ ಮಾರಾಯ. ಆರ್ ಗಂಟಿಗ್ ಮನಿ ಬಿಟ್ರೆ ಒಳ್ಗ್ ಬಪ್ಪುದ್ ಎರ್ಡ್ ಗಂಟಿಗೆ. ಅಲ್ಲಿ ಎಂತ ಇತ್ತ್? ರಸ್ತೆ ಇತ್ತ್, ಬಯಲ್ ಇತ್ತ್, ಬಸ್ಸಿನಗೆ ಹೋಪು ಜನ ಇತ್ತ್. ಬೆಳಿಗ್ಗೆ ಅರ್ಧ ಲೋಟ ಚಾ ಕುಡ್ದ್ರೆ ಆಯ್ತ್, ಮತ್ತ್ ಮನಿಗ್ ಬಂದೇ ನೀರ್ ಮುಟ್ಟುದ್. ಅಬ್ಬಿಯೇ ಹೇಳ್ಕೊಟ್ಟದ್ದ್. ಬುಟ್ಟಿ ಎತ್ತಿದ್ ಮೇಲೆ ನೀರ್ ಕುಡುಕಾಗ ಅಂದಿತ್ತ್."

ನಾನು ಮಂಚದ ತುದಿಯಲ್ಲಿ ಕೂತುಬಿಟ್ಟೆ. ನಾನು ಕೂತದ್ದನ್ನು ನೋಡಿ ಅಕ್ಕನಿಗೇ ಗಾಬರಿಯಾಯಿತೆಂದು ಕಾಣುತ್ತದೆ, "ಎಂತ ಆಯ್ತಾ?" ಎಂದು ಕೇಳಿದಳು.

ಏನಾಯಿತು ಎಂದು ಹೇಳಲಿ? ಮೂವತ್ತು ವರ್ಷ ಬೋರ್ಡಿನ ಮೇಲೆ ಎರಡು ಮೂತ್ರಪಿಂಡ, ಎರಡು ನಾಳ, ಒಂದು ಚೀಲದ ಚಿತ್ರ ಬರೆದು ಬಾಣದ ಗುರುತು ಹಾಕಿದವನು ನಾನು. ದಿನಕ್ಕೆ ಇಷ್ಟು ಲೋಟ ನೀರು ಕುಡಿಯಬೇಕೆಂದು ಮಕ್ಕಳಿಂದ ಹತ್ತು ಸಲ ಬರೆಸಿದವನು. ಅಬ್ಬಿ ಮಧ್ಯಾಹ್ನ ಮನೆಗೆ ಬಂದವಳು ಮೊದಲು ಹಿತ್ತಲಿಗೆ ಓಡುತ್ತಿದ್ದಳು, ಆಮೇಲೆ ಚೆಂಬಿನ ಮೇಲೆ ಚೆಂಬು ನೀರು ಕುಡಿಯುತ್ತಿದ್ದಳು. ಬಿಸಿಲಿಗೆ ಹಾಗೆ ಎಂದುಕೊಂಡಿದ್ದೆ. ಎಂಟು ಗಂಟೆ ಬಾಯಾರಿಕೊಂಡು ಕೂರುವುದೂ ಈ ಕೆಲಸದ ಒಂದು ಭಾಗ, ತಾಯಿಯಿಂದ ಮಗಳಿಗೆ ಬಂದ ಪಾಠ ಎಂದು ನನಗೆ ತಿಳಿದೇ ಇರಲಿಲ್ಲ. ಆ ಮೀನು ತಿಂದೇ ನಾನು ಬೆಳೆದದ್ದು, ಓದಿದ್ದು, ಮಾಸ್ತರನಾದದ್ದು. ನನಗೆ ಬಹಳ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಇಸಬ್‌ಗೋಲಿನ ಕತೆ ಅಲ್ಲಿಗೆ ಸರಿಹೋಯಿತು. ಅಕ್ಕ ಸಂಜೆ ಆರಕ್ಕೆ ದೊಡ್ಡ ಲೋಟದಲ್ಲಿ ಕದಡಿ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯತೊಡಗಿದಳು. ಮಾತ್ರೆ ರಾತ್ರಿ ಮಲಗುವಾಗ. ಕೆಲವು ತಿಂಗಳ ನಂತರದ ಪರೀಕ್ಷೆಯಲ್ಲಿ ಅಂಕಿಗಳು ಇಳಿದಿದ್ದವು. ಹೆಚ್ಚಿನದ್ದು ಮಾತ್ರೆಯ ಕೆಲಸ, ನಾರು ಸ್ವಲ್ಪ ಕೈ ಸೇರಿಸಿದೆ ಎಂದರು ಡಾಕ್ಟರು. ನಾನು ಖುಷಿಪಡಬೇಕಿತ್ತು. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ನೀರಿನ ಲೋಟ ಎತ್ತಿದರೆ ಸಾಕು, ಆ ಟಾರ್ಪಾಲು ಕಣ್ಣೆದುರು ಬಂದು ನಿಲ್ಲುತ್ತಿತ್ತು. ಕೊಲೆಸ್ಟ್ರಾಲ್ ಇಳಿಯಿತು, ಸರಿ. ಬಾಯಾರಿಕೆ?

ಕೂತಲ್ಲಿ ಕೂರಲಾಗದೆ ಒಂದು ದಿನ ಅಕ್ಕನಿಗೆ ಹೇಳದೆ ಆ ತಿರುವಿಗೆ ಹೋದೆ. ಅಲ್ಲೊಂದು ಶೌಚಾಲಯ ಕಟ್ಟಿಸಿ ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟರೆ ಯಾವ ಕಾಲಕ್ಕೋ ಏನೋ. ಅರ್ಜಿಯನ್ನೂ ಕೊಟ್ಟೆ, ಅದು ಬೇರೆ ಮಾತು. ಟಾರ್ಪಾಲಿನ ಹಿಂದೆಯೇ ಒಂದು ಹಂಚಿನ ಮನೆ. ಗೇಟು ತೆಗೆದೆ. ಮನೆಯಾಕೆ ಸುಮತಿಯಮ್ಮ, ನನ್ನದೇ ಪ್ರಾಯದವರು. ಹೇಗೆ ಕೇಳುವುದೆಂದು ಗೊತ್ತಾಗದೆ ಮೊದಲು ಅವರ ಅಂಗಳದ ಕರಿಬೇವಿನ ಗಿಡವನ್ನು ಹೊಗಳಿದೆ. ಆಮೇಲೆ ತಡವರಿಸಿಕೊಂಡು ವಿಷಯ ಹೇಳಿದೆ.

ಅವರು ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಕೆಳಗಿಟ್ಟರು. "ಅಯ್ಯೋ ದೇವ್ರೆ. ಹೊರ್ಗೇ ಇತ್ತಲೆ ಪಾಯಖಾನಿ, ಬಾವಿಕಟ್ಟಿ ಹತ್ರ. ಇಷ್ಟ್ ವರ್ಷ ಅವ್ರ್ ಒಂದ್ ಮಾತ್ ಕೇಣ್ಲಿಲ್ಲೆ ಅಲ್ದಾ!" ಎಂದವರು ಮೆಲ್ಲಗೆ, "ನಂಗೂ ಹೊಳಿಲಿಲ್ಲೆ ಕಾಣಿ. ದಿನಾ ಅವ್ರತ್ರವೇ ಮೀನ್ ತಕಂಬುದ್ ನಾನ್" ಎಂದರು.

ಹೊಳೆಯದೆ ಇದ್ದವರ ಸಾಲಿನಲ್ಲಿ ನಾನೇ ಮೊದಲು ನಿಂತಿದ್ದೆ.

ಗೆದ್ದುಬಂದವನ ಹಾಗೆ ಅಕ್ಕನಿಗೆ ಸುದ್ದಿ ಹೇಳಿದೆ. ಅವಳು ಉರಿದುಬಿದ್ದಳು. "ನಿಂಗೆ ಯಾರ್ ಹೇಳಿದ್? ಊರೆಲ್ಲ ಡಂಗುರ ಹೊಡ್ಕಂಡ್ ಬಂದ್ಯಾ? ಅವ್ರ್ ನಂಗೆ ಗಿರಾಕಿ. ಅವ್ರ್ ಮನಿ ಪಾಯಖಾನಿಗ್ ಹೋಯಿ ಬಂದ್, ನಾಳೆ ಬಂಗ್ಡಿಗೆ ಚೌಕಾಸಿ ಮಾಡ್ರೆ ನಾನ್ ಹ್ಯಾಂಗೆ ಬಾಯ್ ಬಿಡುದ್? ಅವ್ರ್ ಕೇಂಡ್ ರೇಟಿಗೆ ಕೊಡ್ಕಾ?"

ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಕ್ಕನ ವ್ಯಾಪಾರ ನಿಂತಿರುವುದು ಅವಳ ಬಾಯಿಯ ಮೇಲೆ. ಒಬ್ಬರ ಋಣಕ್ಕೆ ಬಿದ್ದರೆ ಆ ಬಾಯಿ ಕಟ್ಟುತ್ತದೆ. ಅದಕ್ಕಿಂತ ಬಾಯಿ ಒಣಗುವುದೇ ವಾಸಿ ಎಂದು ಅವಳ ಲೆಕ್ಕಾಚಾರ. ನಾನು ಒಳ್ಳೆಯದು ಮಾಡಲು ಹೋಗಿ ಅವಳ ಮಾನಕ್ಕೇ ಕೈ ಹಾಕಿದ್ದೆ. "ನಿನ್ನ್ ಉಪ್ಕಾರ ಸಾಕ್" ಎಂದು ಫೋನ್ ಇಟ್ಟಳು. ಆಮೇಲೆ ಎರಡು ತಿಂಗಳು ನಾನು ಫೋನ್ ಮಾಡಿದರೆ "ಹ್ಞಾಂ, ತಕಂಡೆ" ಎಂಬಷ್ಟೇ ಮಾತು. ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದ ಮೀನೂ ನಿಂತಿತು. ನೀರಿನ ವಿಷಯ ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೀಗಿರುವಾಗ ಇವತ್ತಿನ ಈ ಲೋಟ. ಮುದ್ದೆಯನ್ನು ಚಮಚದಿಂದ ಎಬ್ಬಿಸಿ ಹಿತ್ತಲಿಗೆ ಎಸೆದೆ. ಬೇರೆ ಒಂದು ಚಮಚ ಕದಡಿ ಕುಡಿದೆ, ಮೇಲೆ ಇನ್ನೊಂದು ಲೋಟ ನೀರು ಕುಡಿದೆ. ಪೇಪರು ಹಿಡಿದು ಕೂತೆ. ಎದ್ದೆ. ಗೇಟಿನ ತನಕ ಹೋಗಿ ಬಂದೆ. "ಹೋಯಿ ಬನ್ನಿ ಒಂದ್ಸಲ, ಮನಿ ನೆಲ ಸವೀತ್" ಎಂದಳು ಹೆಂಡತಿ. ಎಲ್ಲಿಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಿರುವಿನಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆಯ ಬಿಸಿಲು. ರಸ್ತೆಯ ಆಚೆ ಬದಿಯಲ್ಲಿ, ನಿಂತಿದ್ದ ಲಾರಿಯ ಮರೆಯಲ್ಲಿ ನಿಂತೆ. ಈ ವಯಸ್ಸಿಗೆ ಅಕ್ಕನಿಗೆ ಹೆದರಿ ಅಡಗುವ ಮಾಸ್ತರನನ್ನು ನೀವು ನೋಡಬೇಕಿತ್ತು. ಟಾರ್ಪಾಲಿನ ಎದುರು ಸುಮತಿಯಮ್ಮ ಚೀಲ ಹಿಡಿದು ನಿಂತಿದ್ದರು. ಅಕ್ಕನ ಸ್ವರ ಹೆದ್ದಾರಿಯ ಗದ್ದಲ ದಾಟಿ ನನ್ನ ತನಕ ಬರುತ್ತಿತ್ತು.

"ಈ ಬಂಗ್ಡಿಗೆ ಆ ರೇಟಾ? ತಕಂಬುದಾರೆ ತಕಣಿ, ಇಲ್ದಿರೆ ನಿಮ್ ಬಾವಿಯಗೇ ಬಲೆ ಹಾಕಿ!"

ಸುಮತಿಯಮ್ಮನೂ ಬಿಡಲಿಲ್ಲ. ಬಾವಿ ನನ್ನದೇ, ಬಲೆ ನೀನೇ ತಾ ಎಂದರು. ಇಬ್ಬರೂ ಜಗಳಾಡಿ, ಚಂದು ನಡುವೆ ಬಾಯಿ ಹಾಕಿ, ಕೊನೆಗೆ ಅಕ್ಕ ಹೇಳಿದ ರೇಟಿಗೇ ಬಂಗುಡೆ ಚೀಲ ಸೇರಿತು. ಹೊರಟ ಸುಮತಿಯಮ್ಮ ಏನೋ ನೆನಪಾದವರ ಹಾಗೆ ತಿರುಗಿ, "ಗುಲಾಬಿ, ಬಾವಿಕಟ್ಟಿ ಹತ್ರ ಜಾರ್ತ್, ನಿನ್ನೆ ಹಾಂಗೆ ಓಡ್ಬೇಡ, ಸಮಾ ಕಂಡ್ಕಂಡ್ ಬಾ" ಎಂದು ಹೇಳಿ ಗೇಟಿನೊಳಗೆ ಹೋದರು.

ನಿನ್ನೆಯ ಹಾಗೆ ಎಂದರಲ್ಲ. ಅಂದರೆ ಅಕ್ಕ ನಿನ್ನೆಯೂ ಆ ಗೇಟಿನೊಳಗೆ ಹೋಗಿದ್ದಳು.

ಅಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಬುಟ್ಟಿಯ ಹಿಂದಿನಿಂದ ಎರಡು ಲೀಟರಿನ ಬಾಟಲಿ ಎತ್ತಿದಳು, ಮುಚ್ಚಳ ತೆಗೆದಳು, ತಲೆ ಹಿಂದಕ್ಕೆ ಹಾಕಿ ಕುಡಿಯತೊಡಗಿದಳು. ಅವಸರವಿಲ್ಲ. ನೀರು ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು. ನಡುವೆ ಒಮ್ಮೆ ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಬಾಟಲಿ ಇಳಿಸುವಾಗ ಲಾರಿಯ ಪಕ್ಕದಲ್ಲಿ ಎಲ್ಲ ಮರೆತು ಹೊರಗೆ ಬಂದು ನಿಂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ.

"ಹ್ವಾಯ್ ಮಾಸ್ಟ್ರೇ! ಎಂತ ಕಾಂತೆ ಅಲ್ಲಿ? ನಾನ್ ನೀರ್ ಕುಡುದ್ ಕಾಂಬುಕೆ ಬ್ರಹ್ಮಾವರದಿಂದ ಬಂದ್ಯಾ?"

ಹೌದು ಎಂದೆ. ನನ್ನ ಸ್ವರ ನನಗೇ ಕೇಳಲಿಲ್ಲ, ರಸ್ತೆಯ ಆಚೆಗೆ ಅವಳಿಗೆ ಎಲ್ಲಿ ಕೇಳಬೇಕು?